ಶಸ್ತ್ರಚಿಕಿತ್ಸೆ ಬೇಡವೆಂದವರು ಆರೈಕೆ ಬೇಡವೆಂದಿಲ್ಲ

ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತ ಅಜ್ಜಿ ಕಾಲು ತೆಗೆಸಲು ಒಪ್ಪುತ್ತಿಲ್ಲ, ಮಗ ಸಹಿ ಹಾಕಲು ಸಿದ್ಧನಿದ್ದಾನೆ, ಅವರನ್ನು ಒಪ್ಪಿಸುವುದು ಹೇಗೆ ಎಂದು ಕೇಳಿದ್ದೀರಿ. ಸರ್ಜರಿ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದಾಗ ನನ್ನ ಪಾಲಿಗೂ ಇಂಥದೇ ಒಬ್ಬ ತಾಯಿ ಬಂದಿದ್ದರು. ಹೆಬ್ಬೆರಳಿನಲ್ಲಿ ಶುರುವಾದ ಗ್ಯಾಂಗ್ರಿನ್ ಅರ್ಧ ಪಾದಕ್ಕೆ ಏರಿತ್ತು. ಮೊಣಕಾಲಿನ ಕೆಳಗೆ ತೆಗೆಯಬೇಕೆಂದು ಸರ್ಜನ್ ಹೇಳಿದ್ದರು. “ಬ್ಯಾಡ್ರಿ ಸಿಸ್ಟರ್, ಇದ್ದಷ್ಟು ದಿನ ಹಿಂಗ ಇರ್ತೀನಿ” ಎಂಬ ಒಂದೇ ಮಾತು ಅವರದು. ರೌಂಡ್ಸಿಗೆ ಬಂದವರೆಲ್ಲ ಹೆದರಿಸಿದರು, ನಾನೂ ಹೆದರಿಸಿದೆ. ಕೊನೆಗೆ, ವೈದ್ಯರ ಸಲಹೆ ಮೀರಿ ಹೋಗುತ್ತಿದ್ದೇನೆ ಎಂಬ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಳುಹಿಸಿದೆವು.

ತಪ್ಪು ಎಲ್ಲಾಯಿತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದು ವಾರ್ಡುಗಳಲ್ಲಿ ಇಂದಿಗೂ ನಡೆಯುತ್ತಿದೆ. ಅವರು ಬೇಡವೆಂದದ್ದು ಕಾಲು ತೆಗೆಸುವುದನ್ನು ಮಾತ್ರ. ಡ್ರೆಸ್ಸಿಂಗ್ ಬೇಡವೆಂದಿರಲಿಲ್ಲ, ಇನ್ಸುಲಿನ್ ಬೇಡವೆಂದಿರಲಿಲ್ಲ, ನೋವಿನ ಮಾತ್ರೆಯನ್ನಂತೂ ಕೇಳಿ ಪಡೆಯುತ್ತಿದ್ದರು. ಆದರೆ ಕೇಸ್ ಶೀಟಿನಲ್ಲಿ ‘ಲಾಮಾ’, ಅಂದರೆ ವೈದ್ಯರ ಸಲಹೆ ಮೀರಿ ಹೋದವರು, ಎಂದು ಬರೆದ ಕೂಡಲೇ ಅವರು ನಮ್ಮ ರೋಗಿಯೇ ಅಲ್ಲವೆಂಬಂತೆ ನಡೆದುಕೊಂಡೆವು. ಗಾಜ್ ಕೊಡಲಿಲ್ಲ, ಆ್ಯಂಟಿಬಯಾಟಿಕ್ ಬರೆಸಲಿಲ್ಲ, ಮತ್ತೆ ಯಾವಾಗ ಬರಬೇಕೆಂದು ಹೇಳಲಿಲ್ಲ, ಅವರ ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಸಹ ಮಾಡಲಿಲ್ಲ. ನಂಜು ರಕ್ತಕ್ಕೆ ಹರಡಿದ ಮೇಲೆ ಅವರನ್ನು ಮತ್ತೆ ಹೊತ್ತು ತಂದರು, ಉಳಿಯಲಿಲ್ಲ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ಗಂಡನನ್ನು ಎತ್ತಿ ಕೂರಿಸಿ ಉಣಿಸುತ್ತಿದ್ದವರು ಅವರೊಬ್ಬರೇ ಎಂಬುದು ಸೊಸೆಯ ಬಾಯಿಂದ ತಿಳಿದದ್ದು ಆಗ. ‘ಯಾಕೆ ಬೇಡ’ ಎಂದು ನಾವೂ ಕೇಳಿದ್ದೆವು, ಆದರೆ ಗದರುವ ದನಿಯಲ್ಲಿ, ಮಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು. ನೀನು ಅಪ್ಪನನ್ನು ನೋಡಿಕೊಳ್ಳಲಾರೆ ಎಂದು ಮಗನೆದುರಿಗೆ ಯಾವ ತಾಯಿ ಬಾಯಿಬಿಟ್ಟು ಹೇಳುತ್ತಾಳೆ?

ಹಾಗಾಗಿ ಒಪ್ಪಿಸುವುದು ನಿಮ್ಮ ಕೆಲಸವೆಂಬುದನ್ನೇ ನಾನು ಒಪ್ಪುವುದಿಲ್ಲ. ಮಗನ ಸಹಿಯ ವಿಚಾರವನ್ನಂತೂ ಬಿಟ್ಟುಬಿಡಿ: ಸ್ವಂತ ನಿರ್ಧಾರ ತೆಗೆದುಕೊಳ್ಳಬಲ್ಲ ವಯಸ್ಕ ರೋಗಿಯ ಪರವಾಗಿ ಬೇರೆಯವರು ಒಪ್ಪಿಗೆ ಕೊಡುವ ಪ್ರಶ್ನೆಯೇ ಬಾರದೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ, ಅಲ್ಲಿ ಸಹಿ ಹಾಕಿದ್ದವರು ರೋಗಿಯ ಸ್ವಂತ ತಾಯಿ.

ಮೊದಲು ಅಜ್ಜಿಯ ಸಕ್ಕರೆ ಮತ್ತು ಜ್ವರ ನೋಡಿ. ಸಕ್ಕರೆ ಕುಸಿದಾಗ ಅಥವಾ ನಂಜೇರಿ ಮಂಪರು ಕವಿದಾಗ ಆಡಿದ ‘ಬೇಡ’ವನ್ನು ನಿರ್ಧಾರವೆಂದು ಹಿಡಿಯಬಾರದು, ಡ್ಯೂಟಿ ಡಾಕ್ಟರಿಗೆ ತಿಳಿಸಬೇಕು. ಎಚ್ಚರ ಸರಿಯಿದ್ದರೆ ಮಗನನ್ನು ಔಷಧಿ ತರಲು ಕಳುಹಿಸಿ, ಸ್ಟೂಲ್ ಎಳೆದು ಕುಳಿತು, ಕಾಲು ಹೋದರೆ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಿ. ಕಾಲು ತೆಗೆಸದೆ ಬಿಟ್ಟರೆ ಏನಾಗಬಹುದೆಂಬುದನ್ನು ಅವರ ಮಾತಿನಲ್ಲೇ ಹೇಳಿಸಿ, ಹೇಳಿದ್ದನ್ನು ಹಾಗೆಯೇ ದಾಖಲಿಸಿ. ಆಗಲೂ ಬೇಡವೆಂದರೆ ಡ್ರೆಸ್ಸಿಂಗ್, ಇನ್ಸುಲಿನ್, ನೋವಿನ ಔಷಧ ಹೇಗೆ ಮುಂದುವರಿಯಬೇಕೆಂದು ಸರ್ಜನ್‌ರಿಂದ ಬರೆಸಿಕೊಳ್ಳಿ, ಮನಸ್ಸು ಬದಲಾದರೆ ಯಾವ ಹೊತ್ತಿನಲ್ಲಾದರೂ ಬರಬಹುದೆಂದೂ ಚಳಿಜ್ವರ ಕಂಡರೆ ಕಾಯಬಾರದೆಂದೂ ಅವರಿಗೂ ಮನೆಯವರಿಗೂ ತಿಳಿಹೇಳಿ. ಹಾಳೆಗೆ ಹೆಬ್ಬೆಟ್ಟು ಒತ್ತಿಸುವುದೇನಿದ್ದರೂ ಇದೆಲ್ಲ ಆದ ಮೇಲೆ.