ಉಳಿ ಕೊಟ್ಟು ಚರ್ಮ ಪಡೆದವರು: ಶಿರಸಿಯ ಓದುಗರಿಗೆ ಸಂಪಾದಕರ ಉತ್ತರ

ಹದಿನೆಂಟನೆಯ ಶತಮಾನದ ಕೊನೆಗೆ ಅಮೆರಿಕದ ಬಾಸ್ಟನ್‌ನಿಂದ ಚರ್ಮದ ವ್ಯಾಪಾರಕ್ಕೆ ಹೊರಟ ಕೊಲಂಬಿಯಾ ಹಡಗಿನ ಬಗ್ಗೆ ನಮ್ಮಲ್ಲಿ ಬಂದ ಲೇಖನ ಓದಿ ಶಿರಸಿಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅವರ ತಕರಾರು ಇಷ್ಟು. ಒಂದು ಕಬ್ಬಿಣದ ಉಳಿ ಕೊಟ್ಟು ಒಂದು ನೀರುನಾಯಿ ಚರ್ಮ ತೆಗೆದುಕೊಂಡಿದ್ದು ವ್ಯಾಪಾರವೇ ಅಲ್ಲ, ಏನೂ ಗೊತ್ತಿಲ್ಲದ ಜನರಿಗೆ ಹಾಕಿದ ಟೋಪಿ. ಅದನ್ನು ಸಾಹಸ ಅಂತ ಯಾಕೆ ಬರೆದಿರಿ? ಅಷ್ಟಕ್ಕೂ ಬಾಸ್ಟನ್‌ನವರಿಗೆ ಆ ಚರ್ಮ ಯಾತಕ್ಕೆ ಬೇಕಿತ್ತು? ಕೊನೆಗೊಂದು ಮನೆಮಾತು: ಮಗ ಸಿಯಾಟಲ್‌ನಲ್ಲಿದ್ದಾನೆ, ಅಲ್ಲಿಗೆ ಹೋದಾಗ ಇದಕ್ಕೆ ಸಂಬಂಧಪಟ್ಟಿದ್ದು ನೋಡಲು ಏನಾದರೂ ಇದೆಯಾ?

ಎರಡನೆಯ ಪ್ರಶ್ನೆ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಬಾಸ್ಟನ್‌ನವರಿಗೆ ಚರ್ಮ ಬೇಕಿರಲಿಲ್ಲ ಸ್ವಾಮಿ. ಅವರಿಗೆ ಬೇಕಿದ್ದದ್ದು ಚಹಾ. 1783ರಲ್ಲಿ ಬ್ರಿಟನ್ ಜೊತೆಗಿನ ಯುದ್ಧ ಮುಗಿಯಿತು, ಅಮೆರಿಕ ಸ್ವತಂತ್ರವಾಯಿತು. ಆದರೆ ಅದರ ಜೊತೆಗೇ ವೆಸ್ಟ್ ಇಂಡೀಸ್‌ನ ಬ್ರಿಟಿಷ್ ಬಂದರುಗಳ ಬಾಗಿಲೂ ಇವರ ಹಡಗುಗಳಿಗೆ ಮುಚ್ಚಿತು. ಚೀನಾಕ್ಕೆ ಹೋಗೋಣ ಅಂದರೆ ಅಲ್ಲಿ ಬೆಳ್ಳಿ ಕೇಳುತ್ತಾರೆ, ಇವರ ಹತ್ತಿರ ಬೆಳ್ಳಿ ಇಲ್ಲ. 1784ರಲ್ಲಿ ನ್ಯೂಯಾರ್ಕ್‌ನಿಂದ ಹೊರಟ 'ಎಂಪ್ರೆಸ್ ಆಫ್ ಚೀನಾ' ಹಡಗು ಔಷಧಿಗೆ ಬಳಸುವ ಜಿನ್ಸೆಂಗ್ ಬೇರು ತುಂಬಿಕೊಂಡು ಹೋಗಿ ಚೀನಾದ ಬಂದರು ಕ್ಯಾಂಟನ್‌ನಲ್ಲಿ ಮಾರಿ ಬಂತು, ಸರಿ. ಆದರೆ ಚೀನೀಯರು ವರ್ಷಾ ವರ್ಷ ಎಷ್ಟು ಬೇರು ಅಂತ ಕೊಂಡಾರು?

ಅಷ್ಟರಲ್ಲಿ ಇನ್ನೊಂದು ಸುದ್ದಿ ಹರಡಿತ್ತು. ಬ್ರಿಟಿಷ್ ಕಪ್ತಾನ ಜೇಮ್ಸ್ ಕುಕ್‌ನ ಮೂರನೆಯ ಯಾನದಲ್ಲಿ, 1778ರಲ್ಲಿ, ಈಗಿನ ಕೆನಡಾದ ನೂಟ್ಕಾ ಕೊಲ್ಲಿಯಲ್ಲಿ ನಾವಿಕರು ಏನೇನೋ ಚಿಲ್ಲರೆ ಸಾಮಾನು ಕೊಟ್ಟು ಕಡಲ ನೀರುನಾಯಿಯ ಚರ್ಮ ಪಡೆದಿದ್ದರು. ಹೊದೆಯಲು, ಹಾಸಲು ಬಳಸಿ ಸವೆಸಿದ ಆ ಚರ್ಮಗಳಲ್ಲಿ ಒಳ್ಳೆಯವು ಮುಂದೆ ಕ್ಯಾಂಟನ್‌ನಲ್ಲಿ ಸುಮಾರು 120 ಡಾಲರಿಗೆ ಹೋದವು! ಆ ಯಾನದಲ್ಲಿದ್ದ ಕನೆಕ್ಟಿಕಟ್‌ನ ಜಾನ್ ಲೆಡ್ಯಾರ್ಡ್ 1783ರಲ್ಲಿ ಇದನ್ನೆಲ್ಲ ಅಚ್ಚು ಹಾಕಿಸಿದ. ಬಾಸ್ಟನ್‌ನ ಜೋಸೆಫ್ ಬ್ಯಾರೆಲ್ ಮತ್ತು ಅವನ ಪಾಲುದಾರರು 49,000 ಡಾಲರ್ ಕೂಡಿಸಿ 1787ರಲ್ಲಿ ಎರಡು ಹಡಗು ಕಳಿಸಿದರು: ಕೊಲಂಬಿಯಾ ಮತ್ತು ಲೇಡಿ ವಾಷಿಂಗ್ಟನ್. ದೊಡ್ಡದಾದ ಕೊಲಂಬಿಯಾವೇ ಬರೀ 83 ಅಡಿ ಉದ್ದ. ಅದರಲ್ಲಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಹೋಗಿದ್ದನ್ನು ಸಾಹಸ ಅನ್ನಲಿಕ್ಕೆ ನನಗೇನೂ ಸಂಕೋಚವಿಲ್ಲ. ಆ ಮಾತು ಸಮುದ್ರಯಾನಕ್ಕೆ, ಕೊಡುಕೊಳ್ಳುವುದಕ್ಕಲ್ಲ.

ಬ್ರಿಟಿಷರು ಅಲ್ಲಿಗೆ ಮೊದಲೇ ಹೋಗಿದ್ದರು. 1786ರಲ್ಲಿ ನೂಟ್ಕಾ ಮುಟ್ಟಿದ ಜೇಮ್ಸ್ ಸ್ಟ್ರೇಂಜ್‌ನ ಎರಡು ಹಡಗುಗಳು ಹೊರಟಿದ್ದೇ ನಮ್ಮ ಮುಂಬೈಯಿಂದ. ಆದರೆ ಕ್ಯಾಂಟನ್‌ನಿಂದ ಚಹಾ ತುಂಬಿಕೊಂಡು ಲಂಡನ್‌ಗೆ ಹೋಗುವ ಹಕ್ಕು ಈಸ್ಟ್ ಇಂಡಿಯಾ ಕಂಪನಿಗೆ ಮಾತ್ರ. ಬೇರೆ ಬ್ರಿಟಿಷ್ ವ್ಯಾಪಾರಿ ಕಂಪನಿಯ ಪರವಾನಗಿ ಪಡೆಯಬೇಕು, ಇಲ್ಲವೇ ಪೋರ್ಚುಗೀಸ್ ಬಾವುಟ ಹಾರಿಸಿಕೊಂಡು ಕಳ್ಳಾಟ ಆಡಬೇಕು. ಅಮೆರಿಕದವರಿಗೆ ಈ ಕಾಟವೇ ಇಲ್ಲ. ಚರ್ಮ ಮಾರಿ, ಅದೇ ದುಡ್ಡಿಗೆ ಚಹಾ ಕೊಂಡು, ಊರಿಗೆ ತಂದು ಮಾರಿ ಮತ್ತೆ ಲಾಭ. 1800ರ ಹೊತ್ತಿಗೆ ಆ ತೀರದಲ್ಲಿ ಸುತ್ತುತ್ತಿದ್ದ ವ್ಯಾಪಾರಿ ಹಡಗುಗಳಲ್ಲಿ ಹೆಚ್ಚಿನವು ಇವರದ್ದೇ ಆಗಿದ್ದಕ್ಕೆ ದೊಡ್ಡ ಕಾರಣ ಇದು. ಇವರೇನೋ ಭಾರಿ ಜಾಣರು ಅಂತಲ್ಲ.

ಹಾಗಂತ ಮೊದಲ ಸಲವೇ ದುಡ್ಡು ಸುರಿಯಲಿಲ್ಲ. ಕೊಲಂಬಿಯಾದ ಚರ್ಮಕ್ಕೆ ಕ್ಯಾಂಟನ್‌ನಲ್ಲಿ ಸಿಕ್ಕಿದ್ದು 21,000 ಡಾಲರಿಗಿಂತ ಸ್ವಲ್ಪ ಜಾಸ್ತಿ. ಹಡಗಿನ ರಿಪೇರಿ, ಬಂದರಿನ ಖರ್ಚು, ಅವರಿವರ ಕೈ ಬೆಚ್ಚಗೆ ಮಾಡುವುದು, ಇದಕ್ಕೇ ಹತ್ತಿರತ್ತಿರ ಅರ್ಧ ಕರಗಿತು. ಉಳಿದಿದ್ದರಲ್ಲಿ ಕೊಂಡ ಚಹಾದಲ್ಲೂ ಸುಮಾರು ಪಾಲು ದಾರಿಯಲ್ಲಿ ಒದ್ದೆಯಾಗಿ ಕೆಟ್ಟಿತು. 1790ರ ಆಗಸ್ಟ್‌ನಲ್ಲಿ ಭೂಮಿ ಸುತ್ತಿ ಬಂದ ಮೊದಲ ಅಮೆರಿಕದ ಹಡಗು ಅಂತ ಬಾಸ್ಟನ್ ಜನ ಜೈಕಾರ ಹಾಕುತ್ತಿದ್ದಾಗ ಪಾಲುದಾರರ ಮುಖ ಸಪ್ಪಗಿತ್ತು. ಆದರೂ ಕೆಲವೇ ವಾರಗಳಲ್ಲಿ ಅದೇ ಹಡಗನ್ನು ಮತ್ತೆ ಕಳಿಸಿದರು.

ಈಗ ಟೋಪಿಯ ಮಾತು. ನೀವು ಹೇಳುವ ಉಳಿಯ ಕಥೆ ನಿಜ. 1789ರಲ್ಲಿ ಬಾಸ್ಟನ್‌ನ ಆ ಎರಡು ಹಡಗುಗಳ ಕಪ್ತಾನರಲ್ಲಿ ಒಬ್ಬನಾದ ರಾಬರ್ಟ್ ಗ್ರೇ, ಆ ತೀರದ ಮೂಲನಿವಾಸಿಗಳಾದ ಹೈಡಾ ಜನರ ದ್ವೀಪಗಳಲ್ಲಿ ಕೆಲವೇ ನಿಮಿಷಗಳಲ್ಲಿ ಸುಮಾರು 200 ಚರ್ಮ ಪಡೆದ, ಒಂದಕ್ಕೆ ಒಂದು ಉಳಿ. ಆದರೆ ಇನ್ನೊಂದು ಕಡೆಯನ್ನೂ ನೋಡಿ. ಇದೇ ಹಡಗುಗಳಲ್ಲಿ ಇಲಿ ಬೋನು, ನಶ್ಯದ ಡಬ್ಬಿಗಳನ್ನೂ ಮಾರಲು ಒಯ್ದಿದ್ದರು, ಆ ಜನ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ದೇವದಾರು ಮರ ಕೆತ್ತಿ ದೋಣಿ, ಮನೆ, ಕಂಬ ಮಾಡುವವರಿಗೆ ಕಬ್ಬಿಣದ ಉಳಿ ಚಿಲ್ಲರೆ ಸಾಮಾನೇ? ಅವರಿಗೆ ನೀರುನಾಯಿ ಬೇಕಾದಷ್ಟಿತ್ತು, ಕಬ್ಬಿಣ ಇರಲಿಲ್ಲ. ಕೈಗೆ ಉಳಿ ತುಂಬಿದ ಮೇಲೆ ಉಳಿಗೆ ಬೆಲೆ ಬಿತ್ತು; ತಾಮ್ರದ ತಗಡು ಕೇಳಿದರು, ಆಮೇಲೆ ಬಟ್ಟೆ, ಕಂಬಳಿ, ಕೋವಿ. ಒಂದು ಹಡಗು ಬಂದರೆ ಇನ್ನೊಂದು ಬರಲಿ ಅಂತ ಮಾಲು ಹಿಡಿದಿಟ್ಟುಕೊಳ್ಳುತ್ತಿದ್ದರು. ನಿಮ್ಮೂರಲ್ಲಿ ದರ ಏರಲಿ ಅಂತ ಅಡಿಕೆ ಚೀಲ ಅಟ್ಟದಿಂದ ಇಳಿಸದೆ ಕೂರುವವರನ್ನು ಯಾರಾದರೂ ಮುಗ್ಧರು ಅಂತಾರಾ? ನೂಟ್ಕಾದ ಮುಖ್ಯಸ್ಥ ಮಕ್ವಿನ್ನಾ ಇನ್ನೂ ಒಂದು ಹೆಜ್ಜೆ ಮುಂದೆ. ನೂಟ್ಕಾ ಇರುವ ವ್ಯಾಂಕೂವರ್ ದ್ವೀಪದ ಆಚೆ ಬದಿಯವರಿಂದ ಚರ್ಮ ತಾನೇ ಕೊಂಡು, ಹಡಗಿನವರಿಗೆ ಹೆಚ್ಚಿನ ದರಕ್ಕೆ ಮಾರುತ್ತಿದ್ದ.

ಟೋಪಿ ಬಿದ್ದದ್ದೂ ಉಂಟು. ಅರ್ಮಿನ್ ಅನ್ನುವ ಪುಟ್ಟ ಪ್ರಾಣಿಯ ಬಿಳಿ ಚರ್ಮಕ್ಕೆ ಆ ತೀರದಲ್ಲಿ ಭಾರಿ ಮರ್ಯಾದೆ ಅಂತ ಗಮನಿಸಿದ ಬಾಸ್ಟನ್‌ನ ವಿಲಿಯಂ ಸ್ಟರ್ಗಿಸ್ 1804ರಲ್ಲಿ ಅದನ್ನೇ ಸಾವಿರಗಟ್ಟಲೆ ಹೊತ್ತು ತಂದ. ಒಂದರ ಅಸಲು 30 ಸೆಂಟೂ ಇಲ್ಲ. ಐದು ಅರ್ಮಿನ್‌ಗೆ ಒಂದು ನೀರುನಾಯಿಯಂತೆ ಒಂದೇ ಬೆಳಿಗ್ಗೆ 560 ಚರ್ಮ ಕೊಂಡ. ಆದರೆ ಆಮೇಲೆ ಎಲ್ಲರೂ ಅರ್ಮಿನ್ ತಂದು ಸುರಿದರು, ಅದಕ್ಕೂ ಬೆಲೆ ಇಲ್ಲದಂತಾಯಿತು.

ನನಗೆ ಸಿಟ್ಟು ಬರುವುದು ಬೆಲೆಯ ವಿಷಯಕ್ಕಲ್ಲ, ಫಿರಂಗಿಯ ವಿಷಯಕ್ಕೆ. ಬಟ್ಟೆ ಕದ್ದರು ಅಂತ ಗ್ರೇ ಜೊತೆ ಬಂದ ಇನ್ನೊಬ್ಬ ಕಪ್ತಾನ ಜಾನ್ ಕೆಂಡ್ರಿಕ್ ಕೋಯಾ ಎಂಬ ಹೈಡಾ ಮುಖ್ಯಸ್ಥನನ್ನು 1789ರಲ್ಲಿ ಹಡಗಿನ ಮೇಲೆ ಕಟ್ಟಿಹಾಕಿ ಅವಮಾನ ಮಾಡಿದ. ಎರಡು ವರ್ಷದ ಮೇಲೆ ಕೋಯಾ ತಿರುಗಿಬಿದ್ದು ಹಡಗು ಹಿಡಿಯಲು ನೋಡಿದಾಗ ಸತ್ತವರಲ್ಲಿ ಹೆಚ್ಚಿನವರು ಅವನ ಜನರೇ. ಇನ್ನು ಗ್ರೇ. ಕೊಲಂಬಿಯಾ ನದಿಗೆ ಹಡಗಿನ ಹೆಸರಿಟ್ಟವನು ಅಂತ ಶಾಲೆ ಪುಸ್ತಕಗಳಲ್ಲಿ ಮೆರೆಯುವ ಇದೇ ಗ್ರೇ, ಆ ನದಿಗೆ ಕಾಲಿಡುವ ಒಂದೂವರೆ ತಿಂಗಳ ಹಿಂದೆ, 1792ರ ಮಾರ್ಚ್‌ನಲ್ಲಿ, ತನ್ನ ಮೇಲೆ ದಾಳಿಗೆ ಸಂಚು ನಡೆದಿದೆ ಅಂತ ನಂಬಿ ಮೂಲನಿವಾಸಿಗಳ ಒಪಿಟ್ಸಾಟ್ ಎಂಬ ಇಡೀ ಊರನ್ನು ಸುಡಿಸಿದ. ಜನ ಊರು ಬಿಟ್ಟು ಹೋಗಿದ್ದರು. ಕೆತ್ತನೆಯ ಬಾಗಿಲುಗಳಿದ್ದ ಸುಮಾರು 200 ಮನೆ. ಬೆಂಕಿ ಹಚ್ಚಲು ಹೋದವನು ಜಾನ್ ಬೋಯ್ಟ್, 17ರ ಹುಡುಗ. ಕಪ್ತಾನ ಸಿಟ್ಟನ್ನು ಇಷ್ಟು ದೂರ ಬಿಡಬಾರದಿತ್ತು ಅಂತ ಅವನೇ ದಿನಚರಿಯಲ್ಲಿ ನೊಂದು ಬರೆದಿದ್ದಾನೆ. 2005ರಲ್ಲಿ ಗ್ರೇ ವಂಶದವರು ಅಲ್ಲಿಗೆ ಹೋಗಿ ಕ್ಷಮೆ ಕೇಳಿದರು.

ನೀರುನಾಯಿಯ ಪರ ಮಾತ್ರ ಯಾರೂ ಚೌಕಾಸಿ ಮಾಡಲಿಲ್ಲ. ಅದಕ್ಕೆ ತಿಮಿಂಗಿಲದ ಹಾಗೆ ಕೊಬ್ಬಿನ ಪದರವಿಲ್ಲ, ಚಳಿ ತಡೆಯುವುದು ಒತ್ತಾದ ತುಪ್ಪಳದಿಂದಲೇ. ಜೀವ ಉಳಿಸುವ ತುಪ್ಪಳವೇ ಜೀವ ತೆಗೆಸಿತು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುವ ಪ್ರಾಣಿ, ಹೇಗೆ ತಡೆದೀತು? 1911ರಲ್ಲಿ ಅಮೆರಿಕ, ಬ್ರಿಟನ್, ರಷ್ಯಾ, ಜಪಾನ್ ಸೇರಿ ಬೇಟೆ ನಿಲ್ಲಿಸುವ ಒಪ್ಪಂದ ಮಾಡಿಕೊಳ್ಳುವಾಗ ಉಳಿದಿದ್ದು ಒಂದೆರಡು ಸಾವಿರ ಅಷ್ಟೇ.

ನಿಮ್ಮ ಕಡೆಗೆ ಹತ್ತಿರವಾದ ಒಂದು ವಿಷಯ ಸುಮ್ನೆ ಸೇರಿಸುತ್ತೇನೆ. ಕೆಂಡ್ರಿಕ್ 1791ರಲ್ಲಿ ಹವಾಯಿಯಲ್ಲಿ ಗಂಧದ ಮರ ಕೂಡಿಡಲು ಕೆಲವರನ್ನು ಬಿಟ್ಟು ಹೋಗಿದ್ದ. ಕ್ಯಾಂಟನ್‌ನವರು ಆಗಲೇ ಮೈಸೂರು ಸೀಮೆಯ ಗಂಧ ಕಂಡಿದ್ದವರು, ಹವಾಯಿಯದ್ದು ಅದರ ಮುಂದೆ ಸಪ್ಪೆ. ಆದರೂ ನೀರುನಾಯಿ ಕಡಿಮೆಯಾದಂತೆ ಅಮೆರಿಕದ ಹಡಗುಗಳು ಆ ಗಂಧವನ್ನೇ ತುಂಬಿಕೊಂಡು ಹೋದವು, ಕೆಲವೇ ದಶಕಗಳಲ್ಲಿ ಅದನ್ನೂ ಮುಗಿಸಿದವು.

ಸಿಯಾಟಲ್‌ಗೆ ಹೋದಾಗ: ಮೂಲ ಕೊಲಂಬಿಯಾ ಉಳಿದಿಲ್ಲ, 1806ರಲ್ಲಿ ಒಡೆದು ಹಾಕಿದರು. ಲೇಡಿ ವಾಷಿಂಗ್ಟನ್‌ನ ಪ್ರತಿರೂಪ ಇದೆ, 1989ರಲ್ಲಿ ವಾಷಿಂಗ್ಟನ್ ರಾಜ್ಯದ ಅಬರ್ಡೀನ್‌ನಲ್ಲಿ ಕಟ್ಟಿದ್ದು. ಬಂದರಿನಿಂದ ಬಂದರಿಗೆ ಓಡಾಡುವ ಹಡಗು, ಹಾಗಾಗಿ ಈಗ ಎಲ್ಲಿದೆ ಅಂತ ಮಗನಿಗೆ ಮೊದಲೇ ವಿಚಾರಿಸಲು ಹೇಳಿ. ನೀರುನಾಯಿ ನೋಡಲು ಸಿಯಾಟಲ್ ಅಕ್ವೇರಿಯಂ ಸಾಕು. ಕಡಲಲ್ಲೇ ನೋಡಬೇಕು ಅಂದರೆ ಕೆನಡಾ ವೀಸಾ ಮಾಡಿಸಿಕೊಂಡು ವ್ಯಾಂಕೂವರ್ ದ್ವೀಪದ ಪಶ್ಚಿಮ ತೀರಕ್ಕೆ ಹೋಗಿ. 1969ರಿಂದ 1972ರೊಳಗೆ ಅಲಾಸ್ಕಾದಿಂದ 89 ನೀರುನಾಯಿ ತಂದು ಅಲ್ಲಿ ಬಿಟ್ಟಿದ್ದರು, ಈಗ ಸಾವಿರಗಟ್ಟಲೆ ಇವೆ.