ಎಣ್ಣೆ ನಿಂತರೆ ಏನಾಗುತ್ತೆ, ಅದನ್ನು ಮೊದಲು ಬರೆಯಿರಿ

ನಮಸ್ಕಾರ.

ಥರ್ಮಿಕ್ ಫ್ಲೂಯಿಡ್ ಹೀಟರ್‌ಗೆ (ಎಣ್ಣೆ ಕಾಯಿಸಿ ಯಂತ್ರಗಳಿಗೆ ಬಿಸಿ ಕಳಿಸುವ ಒಲೆಗೆ) ವಾಲ್ವ್, ಫಿಲ್ಟರ್, ಫ್ಲೋ ಸೆನ್ಸರ್‌ಗಳು ಹೇಗೆ ಕಾವಲಾಗಿವೆ ಅಂತ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡುವ ಲೇಖನವೂ ಅಲ್ಲ. ಪ್ಲೈವುಡ್ ಕಾರ್ಖಾನೆಯಲ್ಲಿ ಹೀಟರ್ ಪಕ್ಕ ನಿಂತು ದುಡಿದವರು ಕನ್ನಡದಲ್ಲಿ ಬರೆಯುವುದೇ ಅಪರೂಪ.

ಮೊದಲ ಎರಡು ಪುಟ ತೆಗೆದುಹಾಕಿ. ಆದಿಮಾನವ ಬೆಂಕಿ ಕಂಡುಹಿಡಿದಿದ್ದು ಎಲ್ಲರಿಗೂ ಗೊತ್ತು. ಆಮೇಲೆ ವಾಲ್ವ್‌ಗೊಂದು ಪುಟ, ಫಿಲ್ಟರ್‌ಗೊಂದು ಪುಟ, ಸೆನ್ಸರ್‌ಗೊಂದು ಪುಟ ಹಂಚಿದ್ದೀರಿ. ಕಂಪನಿ ಕ್ಯಾಟಲಾಗ್ ಓದಿದ ಹಾಗಾಯಿತು. ಮೂರನ್ನೂ ಯಾಕೆ ಕೂರಿಸಿದ್ದಾರೆ ಅನ್ನುವುದೇ ಬರುವುದಿಲ್ಲ. ಒಲೆ ಉರಿಯುವಾಗ ಕಾಯಿಲ್‌ನೊಳಗಿನ, ಅಂದರೆ ಒಲೆಯಲ್ಲಿ ಸುರುಳಿ ಸುತ್ತಿದ ಕೊಳವೆಯೊಳಗಿನ, ಎಣ್ಣೆ ನಿಲ್ಲಬಾರದು, ಅಷ್ಟೇ ಅಲ್ವಾ? ನೀರು ಬಿಟ್ಟು ಎಣ್ಣೆ ಯಾಕೆ ಅಂದರೆ, 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಆವಿಯಾಗದಂತೆ ತಡೆಯಲು ಸುಮಾರು 85 ಬಾರ್ ಒತ್ತಡ ಬೇಕು. ಎಣ್ಣೆಗೆ ಪಂಪ್ ತಳ್ಳುವಷ್ಟು ಒತ್ತಡ ಸಾಕು, ಅನುಕೂಲ ಅದೇ. ಆದರೆ ಹರಿವು ಕುಗ್ಗಿದರೆ ಕೊಳವೆಯ ಗೋಡೆಗೆ ತಾಗಿದ ತೆಳು ಪದರ ಉಳಿದ ಎಣ್ಣೆಗಿಂತ ತುಂಬಾ ಜಾಸ್ತಿ ಕಾಯುತ್ತದೆ. ಸುಟ್ಟು, ಬಾಣಲೆ ತಳಕ್ಕೆ ಕರಿ ಹಿಡಿದ ಹಾಗೆ ಒಳಗೆ ಇಂಗಾಲ ಕಟ್ಟುತ್ತದೆ. ಅಲ್ಲಿ ಶಾಖ ಎಣ್ಣೆಗೆ ಇಳಿಯದೆ ಲೋಹವೇ ಕಾದು ಕೆಂಪಾಗುತ್ತದೆ. ತೂತು ಬಿದ್ದರೆ ಎಣ್ಣೆ ನೇರ ಬೆಂಕಿಗೆ.

ಒಂದು ತಪ್ಪನ್ನು ಮಾತ್ರ ನಾನು ಬಿಡುವಂತಿಲ್ಲ. 'ಪಂಪ್‌ನ ಪ್ರೆಶರ್ ಗೇಜ್ ಸರಿಯಾಗಿದ್ದರೆ ಹರಿವೂ ಸರಿಯಿದೆ ಎಂದರ್ಥ' ಅಂತ ಬರೆದಿದ್ದೀರಿ. ಪಂಪ್‌ನಿಂದ ಎಣ್ಣೆ ಹೊರಡುವ ಕಡೆಯ ವಾಲ್ವ್ ಯಾರೋ ಮುಚ್ಚಿದ್ದಾರೆ ಅಂದುಕೊಳ್ಳಿ. ಗೇಜ್ ಮುಳ್ಳು ಮೇಲೇ ಹೋಗುತ್ತದೆ, ಎಣ್ಣೆ ನಿಂತಿರುತ್ತದೆ. ನಿಮ್ಮ ಮಾತು ನಂಬಿ ಆಪರೇಟರ್ ಸೌದೆ ಹಾಕುತ್ತಾ ಕೂತರೆ? ಅದಕ್ಕೇ ಕಾಯಿಲ್‌ನ ಎರಡು ತುದಿಗಳ ಒತ್ತಡದ ವ್ಯತ್ಯಾಸ ನೋಡುವ ಡಿಪಿ ಸ್ವಿಚ್ ಹಾಕುವುದು; ಹರಿವು ನಿಂತರೆ ಆ ವ್ಯತ್ಯಾಸ ಬೀಳುತ್ತದೆ. ಅದೂ ಪೂರ್ತಿ ನಂಬಿಕಸ್ತನಲ್ಲ. ಒಳಗೆ ಕರಿ ಕಟ್ಟಿ ದಾರಿ ಕಿರಿದಾದರೆ, ಹರಿವು ಇಳಿದರೂ ವ್ಯತ್ಯಾಸ ಇಳಿಯದೆ ಇರಬಹುದು. ಪೈಪಿನಲ್ಲಿ ಬೇರೆಯಾಗಿ ಆರಿಫೈಸ್ ಪ್ಲೇಟ್ (ತೂತಿರುವ ತಟ್ಟೆ) ಕೂರಿಸಿ ಅದರ ಎರಡು ಬದಿಯ ಒತ್ತಡದ ವ್ಯತ್ಯಾಸ ಅಳೆದರೆ ಕಾಯಿಲ್‌ನ ಕರಿ ಲೆಕ್ಕ ಕೆಡಿಸುವುದಿಲ್ಲ. ಇದಕ್ಕೆ ಒಂದು ಪುಟ ಪೂರ್ತಿ ಕೊಡಿ.

ಫಿಲ್ಟರ್‌ಗೆ ನಾಲ್ಕು ಸಾಲು ಸಾಕು. ಪಂಪ್‌ಗೆ ಮುಂಚಿನ ಸ್ಟ್ರೈನರ್ (ಕಸ ತಡೆಯುವ ಜಾಲರಿ) ಕಟ್ಟಿಕೊಂಡರೆ ಪಂಪ್‌ಗೆ ಎಣ್ಣೆ ಸಾಲದೆ ಗರಗರ ಅನ್ನುತ್ತದೆ, ಹರಿವು ಬೀಳುತ್ತದೆ. ಜಾಲರಿಯ ಕಣ್ಣು ಎಷ್ಟು ಸಣ್ಣದು ಅನ್ನುವ ಮೈಕ್ರಾನ್ ಪಟ್ಟಿ ಬೇಡ.

ವಾಲ್ವ್ ಭಾಗದಲ್ಲಿ ಬೈಪಾಸ್ ಅನ್ನೇ ಮರೆತಿದ್ದೀರಿ. ಪ್ಲೈವುಡ್ ಒತ್ತುವ ಪ್ರೆಸ್‌ಗಳಿಗೆ ಬಿಸಿ ಸಾಕಾಗಿ ಅಲ್ಲಿನ ವಾಲ್ವ್‌ಗಳು ಮುಚ್ಚಿದಾಗಲೂ ಎಣ್ಣೆ ಹೀಟರ್‌ಗೆ ವಾಪಸ್ ಸುತ್ತಬೇಕಲ್ಲ, ಆ ದಾರಿ ಅದು. ವಾಲ್ವ್‌ನ ಗ್ಲ್ಯಾಂಡ್‌ನಿಂದ (ಸ್ಪಿಂಡಲ್ ಸುತ್ತ ಸೋರದಂತೆ ಬಿಗಿಯುವ ಭಾಗ) ಜಿನುಗಿದ ಎಣ್ಣೆ ಪೈಪಿಗೆ ಸುತ್ತಿದ ಶಾಖ ತಡೆಯುವ ಹೊದಿಕೆಯ (ಲ್ಯಾಗಿಂಗ್) ಒಳಗೆ ಇಳಿದು ಹೊಗೆಯಾಡಿದ್ದನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಯಾಕಿಷ್ಟು ಅವಸರ? ವಾಲ್ವ್ ತಿರುಗಿಸುವ ಕಡ್ಡಿ, ಅಂದರೆ ಸ್ಪಿಂಡಲ್, ಪಕ್ಕಕ್ಕೆ ಬರುವಂತೆ ವಾಲ್ವ್ ಕೂರಿಸಿದರೆ ಜಿನುಗಿದ್ದು ಹೊರಗೆ ತೊಟ್ಟಿಕ್ಕುತ್ತದೆ, ಕಣ್ಣಿಗೂ ಬೀಳುತ್ತದೆ. ಓದುಗರಿಗೆ ಇಂಥದ್ದು ಬೇಕು.

ಇನ್ನು ಕೊನೆಯ ಪುಟ. ರಾತ್ರಿ ಪಾಳಿಯಲ್ಲಿ ಕರೆಂಟ್ ಹೋಗಿ ಪಂಪ್ ನಿಂತ ಪ್ರಸಂಗ. ಇದೇ ಮೊದಲ ಪುಟವಾಗಬೇಕು. ಡೀಸೆಲ್ ಬರ್ನರ್ ಆಗಿದ್ದರೆ ಆ ಕ್ಷಣವೇ ಆರುತ್ತಿತ್ತು. ನಿಮ್ಮದು ಸೌದೆ ಒಲೆ. ಸೆನ್ಸರ್ ಎಷ್ಟು ಬೊಬ್ಬೆ ಹೊಡೆದರೂ ಕೆಂಡ ಕೇಳುವುದಿಲ್ಲ. ಆಮೇಲೆ ಏನು ಮಾಡಿದಿರಿ? ಡೀಸೆಲ್ ಎಂಜಿನ್ ಪಂಪ್ ಶುರುವಾಯಿತಾ, ಕೆಂಡ ಎಳೆದು ಹಾಕಿದಿರಾ? 'ದೊಡ್ಡ ಅನಾಹುತ ತಪ್ಪಿತು' ಅಂತ ಬರೆದು ಸುಮ್ನೆ ಆಗಿಬಿಟ್ಟಿದ್ದೀರಿ.

ಕಾರ್ಖಾನೆಯ ಹೆಸರು ಬೇಡ. ಎಣ್ಣೆ ಹೋಗಿ ಬರುವ ದಾರಿಯನ್ನು ಕೈಯಲ್ಲೇ ಗೀಚಿ ಲೇಖನದ ಜೊತೆ ಕಳಿಸಿ, ನಮ್ಮ ಕಲಾವಿದರು ಸರಿಮಾಡಿಕೊಳ್ಳುತ್ತಾರೆ.

ಸಂಪಾದಕ