ನೋ ಸ್ಮೋಕಿಂಗ್ ಅಂದರೆ ವೇಪ್ ಕೂಡ ಬಂತಾ?

ಆಫೀಸಿನಲ್ಲಿ ಪಕ್ಕದ ಸೀಟಿನವರು ಕೂತಲ್ಲೇ ವೇಪ್ (ದ್ರವವನ್ನು ಬಿಸಿ ಮಾಡಿ ಆವಿ ಕೊಡುವ ಇ-ಸಿಗರೇಟ್) ಎಳೆಯುತ್ತಾರೆ, ಕೇಳಿದರೆ "ಇದು ಸಿಗರೇಟ್ ಅಲ್ಲ, ಧೂಮಪಾನದ ಕಾನೂನು ಇದಕ್ಕೆ ಬರಲ್ಲ" ಅನ್ನುತ್ತಾರೆ, ಇದು ನಿಜಾನಾ ಅಂತ ಕೇಳಿದ್ದೀರಿ. ಅರ್ಧ ನಿಜ. ಹಾಗಂತ ನೀವು ಸುಮ್ಮನಾಗಬೇಕಿಲ್ಲ.

ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅನ್ನುವುದು 2003ರ ಕೋಟ್ಪಾ, ಅಂದರೆ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯ 4ನೇ ಸೆಕ್ಷನ್. ಆಫೀಸು, ಕ್ಯಾಂಟೀನು ಎಲ್ಲ ಅದರೊಳಗೆ ಬರುತ್ತವೆ. ಕರ್ನಾಟಕದಲ್ಲಿ 200 ರೂಪಾಯಿ ಇದ್ದ ದಂಡ 2025ರಲ್ಲಿ 1000 ಆಗಿದೆ. ಆದರೆ ಧೂಮಪಾನ ಅಂದರೆ ಏನು ಅಂತ ಅದೇ ಕಾಯ್ದೆ ಹೇಳಿದೆ: ತಂಬಾಕನ್ನು ಯಾವುದೇ ರೂಪದಲ್ಲಿ ಸೇದುವುದು. ಸಿಗರೇಟು, ಬೀಡಿ, ಪೈಪು, ಬೇರೆ ಯಾವ ಸಾಧನವಾದರೂ ಸರಿ, ತಂಬಾಕು ಇರಬೇಕು. ವೇಪ್‌ನಲ್ಲಿ ಇರುವುದು ದ್ರವ. ನಿಕೋಟಿನ್ ಬರುವುದು ತಂಬಾಕಿನಿಂದಲೇ ಅಲ್ವಾ ಅಂತ ವಾದ ಮಾಡಬಹುದು. ಬರೀ ಫ್ಲೇವರ್, ನಿಕೋಟಿನ್ ಇಲ್ಲ ಅಂದುಬಿಟ್ಟರೆ ಆ ವಾದ ನಿಲ್ಲುವುದು ಕಷ್ಟ. ತಂಬಾಕಿನ ಕಡ್ಡಿಯನ್ನೇ ಬಿಸಿ ಮಾಡುವ ಯಂತ್ರಗಳ ಮಾತು ಬೇರೆ, ಅವು ಕೋಟ್ಪಾದೊಳಗೇ ಬರುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ಈಗ ಅವರು ನಿಮಗೆ ಹೇಳದ ಇನ್ನರ್ಧ. ಇ-ಸಿಗರೇಟಿಗೆ ನಮ್ಮಲ್ಲಿ ಬೇರೆಯದೇ ಕಾನೂನಿದೆ. 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು, ಎಲ್ಲವೂ ಅಪರಾಧ. ಆನ್‌ಲೈನ್ ಮಾರಾಟವೂ ಸೇರಿ. ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ. ನಿಕೋಟಿನ್ ಇಲ್ಲ ಅನ್ನುವ ನೆಪ ಇಲ್ಲಿ ನಡೆಯುವುದಿಲ್ಲ. ಇದ್ದರೂ ಇಲ್ಲದಿದ್ದರೂ ಒಂದೇ ಅಂತ ಕಾಯ್ದೆ ಬಿಡಿಸಿ ಬರೆದಿದೆ.

ಎಳೆಯುವವರಿಗೆ ಮಾತ್ರ ಇದರಲ್ಲಿ ಶಿಕ್ಷೆ ಬರೆದಿಲ್ಲ. ದಾಸ್ತಾನು ಇಡುವುದು ಅಪರಾಧ, ಜೇಬಿನಲ್ಲಿರುವ ಒಂದು ವೇಪ್ ದಾಸ್ತಾನು ಹೇಗಾಗುತ್ತೆ ಅಂತ ವಕೀಲರು ಕೇಳುತ್ತಾರೆ. ಆದರೂ ನಿಮ್ಮ ಸಹೋದ್ಯೋಗಿ ಕೈಯಲ್ಲಿರುವ ವಸ್ತುವನ್ನು ಈ ದೇಶದಲ್ಲಿ ಯಾರೂ ಕಾನೂನು ಪ್ರಕಾರ ಮಾರುವಂತಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಹೈಲೈಟರ್ ಪೆನ್ನಿನಂತೆ ಕಾಣುವ, ಮಾವಿನ ಹಣ್ಣಿನ ವಾಸನೆಯ ಇವನ್ನು ಕೆಲವು ಅಂಗಡಿಗಳಲ್ಲಿ ಗಲ್ಲಾದ ಕೆಳಗಿನಿಂದ ತೆಗೆದು ಕಾಲೇಜು ಹುಡುಗರಿಗೆ ಕೊಡುತ್ತಾರೆ. ದೊಡ್ಡವರು ಆಫೀಸಿನಲ್ಲಿ ರಾಜಾರೋಷವಾಗಿ ಎಳೆಯುತ್ತಿದ್ದರೆ ಹುಡುಗರಿಗೆ ಇದು ತಪ್ಪು ಅಂತ ಹೇಗೆ ಗೊತ್ತಾಗಬೇಕು?

ನಾನು ಒಂದು ಕಂಪನಿಯ ಅಡ್ಮಿನ್ ವಿಭಾಗದಲ್ಲಿದ್ದೇನೆ. ಇಂಥದೇ ದೂರು ಬಂದಾಗ ನಾವು ಕೋಟ್ಪಾ ಹಿಡಿದು ವಾದಕ್ಕೆ ಇಳಿಯಲಿಲ್ಲ. ನಿಯಮದ ಪ್ರಕಾರ 60 ಸೆಂಟಿಮೀಟರ್‌ಗೆ 30 ಸೆಂಟಿಮೀಟರ್ ಬೋರ್ಡು ಗೋಡೆಯಲ್ಲಿ ಇದ್ದೇ ಇತ್ತು. ಅದರ ಕೆಳಗೆ "ವೇಪ್, ಇ-ಸಿಗರೇಟ್ ಕೂಡ ನಿಷೇಧ" ಅಂತ ಇನ್ನೊಂದು ಪಟ್ಟಿ ಹಾಕಿದೆವು. ಸಿಬ್ಬಂದಿ ನಿಯಮಗಳಿಗೂ ಅದೇ ಸಾಲು ಸೇರಿಸಿ ಎಲ್ಲರ ಸಹಿ ತೆಗೆದುಕೊಂಡೆವು. ಆಮೇಲೂ ತಕರಾರು ತೆಗೆದವರಿಗೆ ಅವರದೇ ಸಹಿ ತೋರಿಸಿದರೆ ಸಾಕಾಯಿತು. ತನ್ನ ಜಾಗದಲ್ಲಿ ಏನು ಮಾಡಬಾರದು ಅಂತ ಹೇಳುವ ಹಕ್ಕು ಕಂಪನಿಗೆ ಇದ್ದೇ ಇದೆ. ನೀವೂ ಎಚ್‌ಆರ್‌ಗೆ ಇಮೇಲ್ ಬರೆದು ಇಷ್ಟನ್ನೇ ಕೇಳಿ.

ಒಂದು ಮಾತು ನಿಮ್ಮ ಸಹೋದ್ಯೋಗಿಯ ಕಿವಿಗೂ ಹಾಕಿ. ಕಂಪನಿ ಕೆಲಸಕ್ಕೆ ಸಿಂಗಪುರಕ್ಕೆ ಹೋಗುವುದಿದ್ದರೆ ವೇಪನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳದಿರಲಿ. ಅಲ್ಲಿ 2018ರಿಂದ ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ.

ಮಾರುವ ಅಂಗಡಿ ಯಾವುದು ಅಂತ ಗೊತ್ತಿದ್ದರೆ ಪೊಲೀಸ್ ಠಾಣೆಗೆ ಬರೆದು ಕೊಡಿ. ಸಬ್ ಇನ್‌ಸ್ಪೆಕ್ಟರ್ ದರ್ಜೆಯಿಂದ ಮೇಲಿನವರಿಗೆ ಶೋಧಿಸುವ, ಜಪ್ತಿ ಮಾಡುವ ಅಧಿಕಾರವನ್ನು 2019ರ ಕಾಯ್ದೆಯೇ ಕೊಟ್ಟಿದೆ. ಅಂಗಡಿಯ ವಿಳಾಸ, ಪ್ಯಾಕೆಟ್ಟಿನ ಫೋಟೊ ಜೊತೆಗಿಡಿ. ಸ್ವೀಕೃತಿ ಕೇಳಿ ಪಡೆಯಿರಿ.